ಆರತಿ ಮುಗಿಯೋತನಕ ಏಳಬಾರದು

ಬಸವಾಪಟ್ಟಣದಲ್ಲಿ ಯಾರ ಮನೆಯ ಹೆಣ್ಣುಮಗಳಿಗೆ ಕುಬುಸ ಮಾಡಿದರೂ ಮೊದಲು ಹೇಳಿಕಳಿಸುತ್ತಿದ್ದುದು ಮುರುಗೇಶಪ್ಪನ ಹೆಂಡತಿ ಕಸ್ತೂರಮ್ಮನಿಗೆ. ಏಳನೇ ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಣೆಯ ಮೇಲೆ ಕೂರಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಆಕೆಯೇ ಯಜಮಾನಿ. ಮುತ್ತೈದೆಯರನ್ನು ಸಾಲಾಗಿ ನಿಲ್ಲಿಸುವವಳು, ಹಾಡು ಎತ್ತುವವಳು, ಆರತಿ ತಟ್ಟೆ ಹಿಡಿಯುವವಳು ಎಲ್ಲ ಅವಳೇ. ಮೈಕ್ ಬೇಡದ ಗಂಟಲು. ಬಾಯಿಯೂ ಹಾಗೇ.

"ಏನ್ರವ್ವಾ, ಹೋಳಿಗೆ ತಿನ್ನಾಕೆ ಬಂದೀರೋ, ಹಾಡಾಕೆ ಬಂದೀರೋ? ದನಿ ಎತ್ರಿ!"

ಹೊಟ್ಟೆನೋವು ಎಂದು ಯಾವ ಹುಡುಗಿ ಬಂದರೂ ಕಸ್ತೂರಮ್ಮನ ಬಳಿ ಇದ್ದದ್ದು ಒಂದೇ ಮದ್ದು. "ಹೆಣ್ಣು ಜಲ್ಮ ಅಂದ್ಮೇಲೆ ಇದ್ದದ್ದೇ. ಒಂದು ಮಗು ಆಗ್ಲಿ, ಎಲ್ಲ ಸರಿಹೋಗ್ತೈತೆ." ಇದೇ ಮಾತನ್ನು ಅವಳಿಗೆ ಅವಳ ತಾಯಿ ಹೇಳಿದ್ದಳು. ಮಗು ಆಯಿತು, ನೋವು ಹೋಗಲಿಲ್ಲ. ಕೊನೆಗೆ ಮೂವತ್ತು ದಾಟಿ ಸ್ವಲ್ಪ ದಿನಕ್ಕೆ ಯಾವುದೋ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶವನ್ನೇ ತೆಗೆದುಬಿಟ್ಟರು. ಯಾಕೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊಳೆತ ಹಲ್ಲು ಕಿತ್ತಷ್ಟು ಸಲೀಸಾಗಿ ನಮ್ಮ ಹೆಣ್ಣುಮಕ್ಕಳ ಗರ್ಭಕೋಶ ಕೀಳುತ್ತಾರೆ. ಓಣಿಯ ಅರ್ಧ ಹೆಂಗಸರ ಕಥೆ ಅದೇ ಆದಾಗ ಕೇಳುವುದಾದರೂ ಯಾರು?

ಅವಳಿಗಿದ್ದ ಒಬ್ಬಳೇ ಮಗಳು ಸಂಧ್ಯಾರಾಣಿ. ನ್ಯಾಮತಿಯಲ್ಲಿ ಪೈಪು, ಮೋಟರಿನ ಅಂಗಡಿ ಇಟ್ಟಿರುವ ಮಹಾಂತೇಶನಿಗೆ ಕೊಟ್ಟಿತ್ತು. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಮುಟ್ಟಿನ ದಿನ ಹತ್ತಿರ ಬಂದರೆ ಈ ಹುಡುಗಿ ಊಟ ಬಿಡುತ್ತಿದ್ದಳು. ತಿಂದರೆ ತಾನೆ ಕಕ್ಕಸಿಗೆ ಹೋಗಬೇಕು? ಹೋದರೆ ಒಳಗೆ ಗಾಜಿನ ಚೂರು ಆಡಿಸಿದಂಥ ನೋವು, ಕೆಲವೊಮ್ಮೆ ರಕ್ತ. ಆ ನಾಲ್ಕು ದಿನ ಕಳೆದರೆ ಏನೂ ಇಲ್ಲ.

ಮಗಳನ್ನು ಚನ್ನಗಿರಿಗೆ, ಮೂಲವ್ಯಾಧಿಗೆ ಹೆಸರಾದ ಒಬ್ಬ ಡಾಕ್ಟರ ಹತ್ತಿರ ಕರೆದೊಯ್ದದ್ದು ಕಸ್ತೂರಮ್ಮನೇ. ಮಹಾಂತೇಶನೂ ಜೊತೆಗಿದ್ದ.

"ಸಂಡಾಸಿನಲ್ಲಿ ರಕ್ತ ಹೋಗ್ತೈತ್ರಿ," ಎಂದಳು ಸಂಧ್ಯಾರಾಣಿ. "ಅದೂ ಬರೀ ಮುಟ್ಟಾ..."

ಕಸ್ತೂರಮ್ಮ ಮಗಳ ತೋಳು ಚಿವುಟಿದಳು. ಗಂಡಸು ಡಾಕ್ಟರು, ಪಕ್ಕದಲ್ಲಿ ಅಳಿಯ. ಮುಟ್ಟಿನ ಮಾತು, ಕಕ್ಕಸಿನ ಮಾತು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವುದೆಂದರೆ ಮಾನ ಉಳಿದೀತೇ? ಮಗಳು ಉಳಿದರ್ಧ ಮಾತು ನುಂಗಿದಳು. ಡಾಕ್ಟರು ಮುಲಾಮು ಬರೆದುಕೊಟ್ಟರು. ಆಮೇಲೆ ಹೊನ್ನಾಳಿಯಲ್ಲಿ ಸ್ಕ್ಯಾನ್ ಆಯಿತು. "ಏನೂ ಇಲ್ಲ, ಗ್ಯಾಸ್," ಎಂದರು. ಜಗಳೂರಿನ ಕಡೆಯಿಂದ ಬೇರಿನ ಪುಡಿ ಬಂತು. ಅಷ್ಟು ಊರು ಸುತ್ತಿದರೂ 'ನೋವು ಯಾವಾಗ ಬರುತ್ತದಮ್ಮಾ?' ಎಂದು ಕೇಳಿದ ಬಾಯಿ ಒಂದಿಲ್ಲ. ದೃಷ್ಟಿ ತೆಗೆಯಲು ಮಾತ್ರ ಮನೆಮನೆಯಲ್ಲೂ ಮೆಣಸಿನಕಾಯಿ ಸಿದ್ಧವಿತ್ತು.

ಮದುವೆಯಾಗಿ ಐದಾರು ವರ್ಷಕ್ಕೆ ಸಂಧ್ಯಾರಾಣಿ ಬಸುರಾದಳು. ಮುಟ್ಟು ನಿಂತಿತು, ನೋವೂ ನಿಂತಿತು. ಕಸ್ತೂರಮ್ಮನ ಹಿಗ್ಗು ಹೇಳತೀರದು. "ನೋಡಿದ್ಯಾ? ನಾನು ಬಡ್ಕೊಂಡಿದ್ದು ಇದನ್ನೇ!"

ಕುಬುಸಕ್ಕೆಂದು ತವರಿಗೆ ಬಂದವಳು ಎಡಗಡೆ ಕಿಬ್ಬೊಟ್ಟೆ ಹಿಡಿಯುತ್ತದೆ ಎಂದಾಗ ತಾಯಿ ಬಿಸಿನೀರು, ಬಾಳೆಹಣ್ಣು ಕೊಟ್ಟಳು. ಮಲಬದ್ಧತೆ ಯಾವ ಬಸುರಿಗಿಲ್ಲ?

ಕಾರ್ಯದ ದಿನ ಮನೆ ತುಂಬ ಜನ. ಮಣೆಯ ಮೇಲೆ ಕುಳಿತ ಮಗಳ ಮುಖ ಬಿಳಿಚಿಕೊಂಡಿತ್ತು. ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಬೀಳುತ್ತಿದ್ದಾಗ ಅವಳು ಒಮ್ಮೆಲೇ ಮುಂದಕ್ಕೆ ಬಾಗಿದಳು.

"ಅವ್ವಾ, ಒಳಗೆ ಏನೋ ಸಿಡಿದಂಗಾತು."

"ಮಗು ತಿರುಗ್ತೈತೆ, ಸುಮ್ನಿರು."

"ಗಂಡೇ ಇರ್ಬೇಕು ಬಿಡು, ಈಗ್ಲೇ ಅವ್ವನ್ನ ಒದೆಯಾಕೆ ಹತ್ಯಾನೆ!" ಎಂದಳು ಪಕ್ಕದ ಮನೆಯ ಸಾವಂತ್ರಮ್ಮ. ಹೆಂಗಸರೆಲ್ಲ ಗೊಳ್ಳೆಂದರು.

ಸಂಧ್ಯಾರಾಣಿ ಏಳಲು ಹೋದಳು. ಕಸ್ತೂರಮ್ಮ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದರಲ್ಲಿ ಮಗಳ ಭುಜ ಒತ್ತಿದಳು. "ಆರತಿ ಮುಗಿಯೋತನಕ ಏಳಬಾರ್ದು. ಅಪಶಕುನ."

ಮಗಳು ಕುಳಿತಳು. ತಾಯಿ ಹಾಡಿದಳು. ಒಂದು ನುಡಿಯನ್ನೂ ಬಿಡದೆ, ಪಲ್ಲವಿಗೆ ಪಲ್ಲವಿ ಸೇರಿಸಿ ಹಾಡಿದಳು. ಹಸಿರು ಬಳೆಗಳು ಗಲಗಲ ಎನ್ನುತ್ತಲೇ ಇದ್ದವು. ಮಗಳ ಕೈ ನಡುಗುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಆರತಿ ಮುಗಿಯಿತು. ಸಂಧ್ಯಾರಾಣಿ ಎದ್ದಳು, ಹಸಿರಾಗಿ ವಾಂತಿ ಮಾಡಿಕೊಂಡಳು, ಉಡಿಯ ಅಕ್ಕಿಯ ಮೇಲೆಯೇ ಬಿದ್ದಳು. ಎತ್ತಲು ಹೋದ ಕಸ್ತೂರಮ್ಮನ ಕೈ ಹೊಟ್ಟೆಗೆ ತಗಲಿತು. ಹೊಟ್ಟೆ ಆ ಮಣೆಯ ಹಾಗೆಯೇ ಗಟ್ಟಿಯಾಗಿತ್ತು.

ಆಂಬುಲೆನ್ಸಿನಲ್ಲಿ ದಾವಣಗೆರೆಯ ದೊಡ್ಡಾಸ್ಪತ್ರೆಗೆ ಒಯ್ದರು. ಹೆರಿಗೆ ನೋವಲ್ಲ ಎಂದು ಅಲ್ಲಿ ಗೊತ್ತಾಯಿತು. ಹೊಟ್ಟೆ ಕೊಯ್ದು ಮಗುವನ್ನು ತೆಗೆದವರು ಹಾಗೇ ನಿಂತುಬಿಟ್ಟರಂತೆ. ಒಳಗೆಲ್ಲ ಮಲ ಚೆಲ್ಲಿತ್ತು. ಇನ್ನೊಬ್ಬ ಸರ್ಜನ್ ಓಡಿಬಂದರು.

ಹೊರಗೆ ಬಂದ ಡಾಕ್ಟರಮ್ಮ ಕಸ್ತೂರಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದರು. "ಅಮ್ಮಾ, ನಿಮ್ಮ ಮಗಳ ಕರುಳು ತೂತಾಗಿತ್ತು. ಗರ್ಭಕೋಶದ ಒಳಪದರದಂಥದ್ದೇ ಒಂದು ಪೊರೆ ಕರುಳಿನ ಮೇಲೆ ಬೆಳೆದಿತ್ತು. ಎಂಡೋಮೆಟ್ರಿಯೋಸಿಸ್ ಅಂತಾರೆ. ತಿಂಗಳು ತಿಂಗಳು ಇವಳು ಮುಟ್ಟಾದಾಗ ಅದೂ ಊದಿಕೊಂಡು ರಕ್ತ ಬಿಡುತ್ತೆ. ಬಸುರಿನಲ್ಲಿ ಆ ಜಾಗ ಮೆತ್ತಗಾಗಿ ಕಿತ್ತುಕೊಂಡಿದೆ. ತುಂಬಾ ಅಪರೂಪ. ಆದರೆ ಆಗುತ್ತೆ."

"ಮಗು ಆದ್ರೆ ಸರಿಹೋಗ್ತೈತೆ ಅಂತ..."

"ಹಾಗಂತ ಯಾರು ಹೇಳಿದ್ರು?"

ಕಸ್ತೂರಮ್ಮ ಬೆರಳಿಗಂಟಿದ್ದ ಆರತಿಯ ಕುಂಕುಮವನ್ನು ಸೆರಗಿಗೆ ಒರೆಸಿಕೊಂಡಳು.

"ಮುಟ್ಟಿನ ದಿನ ಕಕ್ಕಸಿಗೆ ಹೋಗುವಾಗ ಇವಳಿಗೆ ನೋವಿರ್ತಿತ್ತಾ? ರಕ್ತ?"

ಕಸ್ತೂರಮ್ಮ ದಂಗಾಗಿ ನೋಡಿದಳು. ಮಗಳು ಚನ್ನಗಿರಿಯಲ್ಲಿ ನುಂಗಿದ ಅರ್ಧ ಮಾತು ಈ ಹೆಂಗಸಿನ ಬಾಯಿಂದ ಪೂರ್ತಿಯಾಗಿ ಬಂದಿತ್ತು. "ನಿಮಗೆ ಹೆಂಗೆ ಗೊತ್ತಾತು?"

"ಈ ಕಾಯಿಲೆಯ ಗುರುತೇ ಅದು. ಮೊದಲೇ ಗೊತ್ತಿದ್ದರೆ ಜೋಪಾನವಾಗಿ ನೋಡ್ಕೋಬಹುದಿತ್ತಮ್ಮ. ಮನೆತನದಲ್ಲಿ ಬರೋದೂ ಉಂಟು. ನಿಮಗೇನಾದ್ರೂ ಇತ್ತಾ?"

"ನನ್ನ ಗರ್ಭಕೋಶ ತೆಗೆದಾರ್ರಿ."

"ಯಾಕೆ?"

ಇಷ್ಟು ವರ್ಷಗಳ ಮೇಲೆ ಮೊದಲ ಸಲ ಒಬ್ಬರು ಕೇಳಿದರು.

ನಂಜು ಏರಿದ ಮಗಳು ಬದುಕುವಳೋ ಇಲ್ಲವೋ ಎಂದು ಐಸಿಯು ಬಾಗಿಲಲ್ಲಿ ಕಾದದ್ದೇ ಕಾದದ್ದು. ಏಳು ತಿಂಗಳಿಗೇ ಹೊರಬಂದ ಹೆಣ್ಣುಕೂಸು ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟು ಎದೆ ಏರಿಸಿ ಇಳಿಸಿ ಉಸಿರಾಡುತ್ತಿತ್ತು. ಕೊನೆಗೊಂದು ದಿನ ಒಳಗೆ ಬಿಟ್ಟರು. ಮಗಳ ಹೊಟ್ಟೆಯ ಪಕ್ಕಕ್ಕೆ ಒಂದು ಚೀಲ ಅಂಟಿಸಿದ್ದರು. ಕರುಳು ಮಾಯುವತನಕ ಮಲ ಅದರಲ್ಲೇ ಎಂದರು.

ಸಂಧ್ಯಾರಾಣಿ ಕಣ್ಣು ಬಿಟ್ಟು ತಾಯಿಯನ್ನೇ ನೋಡಿದಳು. ದನಿ ಇರಲಿಲ್ಲ, ಆದರೆ ಮಾತಿನಲ್ಲಿ ಮೊನೆ ಇತ್ತು.

"ಅವ್ವಾ, ಆರತಿ ಮುಗೀತಾ?"

ತಾಯಿ ಮಗಳ ಪಾದ ಹಿಡಿದು ಕುಳಿತಳು.

ಮಗಳನ್ನು ವಾರ್ಡಿಗೆ ತಂದ ಮೇಲೆ ಊರಿನವರು ನೋಡಲು ಬಂದರು. ಸಾವಂತ್ರಮ್ಮ ಸೊಸೆ ಅರುಣಾಳನ್ನೂ ಕರೆದುಕೊಂಡು ಬಂದಿದ್ದಳು. ವರಾಂಡದಲ್ಲಿ ಮಹಾಂತೇಶ, ಮುರುಗೇಶಪ್ಪ, ಇನ್ನೂ ನಾಲ್ಕಾರು ಗಂಡಸರು ನಿಂತಿದ್ದರು.

"ಎಲ್ಲಾ ದೈವ ಬಿಡು ಕಸ್ತೂರಕ್ಕ," ಎಂದಳು ಸಾವಂತ್ರಮ್ಮ. "ನಮ್ಮ ಅರುಣಾನೂ ತಿಂಗಳಾತು ಅಂದ್ರೆ ಹೊಟ್ಟೆ ಹಿಡ್ಕೊಂಡು ಉಳ್ಳಾಡ್ತಾಳೆ. ಒಂದು ಮಗು ಆಗ್ಲಿ, ಸರಿಹೋಗ್ತೈತೆ ಅಂತ ನೀನೇ ಹೇಳಿದ್ದೆಲ್ಲ."

ಕಸ್ತೂರಮ್ಮ ಅರುಣಾಳ ಕಡೆ ತಿರುಗಿದಳು. ಮೈಕ್ ಬೇಡದ ಆ ಗಂಟಲು ಬಹಳ ದಿನಕ್ಕೆ ತೆರೆಯಿತು.

"ಮುಟ್ಟಾದಾಗ ಕಕ್ಕಸಿಗೆ ಹೋದ್ರೆ ನೋವಾಗ್ತೈತೇನೇ? ರಕ್ತ ಹೋಗ್ತೈತಾ?"

ಮುರುಗೇಶಪ್ಪ ಕೆಮ್ಮಿದ. ಗಂಡಸರು ಕಿಟಕಿಯಾಚೆ ಏನೋ ಹುಡುಕತೊಡಗಿದರು. ಅರುಣಾ ಬಾಯಿ ತೆರೆದಳು. ಅಷ್ಟರಲ್ಲಿ ಸಾವಂತ್ರಮ್ಮನ ಕೈ ಮೆಲ್ಲಗೆ ಸೊಸೆಯ ತೋಳಿನ ಕಡೆ ಸರಿಯಿತು. ಹೆಬ್ಬೆರಳು, ತೋರುಬೆರಳು ಆಗಲೇ ಕೂಡಿದ್ದವು.

ಕಸ್ತೂರಮ್ಮ ಆ ಕೈಯನ್ನು ನಡುದಾರಿಯಲ್ಲೇ ಗಬಕ್ಕನೆ ಹಿಡಿದಳು.

"ಚಿವುಟಬ್ಯಾಡ ಸಾವಂತ್ರಿ. ಹೇಳ್ಲಿ ಅಕಿ."