ಗೆರೆಯವರೆಗೆ ಎಣ್ಣೆ

ನನ್ನ ಬಾಯಿ ಸ್ವಲ್ಪ ಜೋರು. ಮದುವೆಯಾಗಿ ನೊಣವಿನಕೆರೆ ಕಡೆಯ ಈ ಹಳ್ಳಿಗೆ ಬಂದ ವಾರದಲ್ಲೇ ಇಡೀ ಕೇರಿಗೆ ಅದು ಗೊತ್ತಾಗಿತ್ತು. ಹಾಗಾಗಿ ನಮ್ಮ ವ್ಯಾನು ಹೊಗೆ ಉಗುಳುತ್ತದೆಂದು ಎರಡನೇ ಸಲವೂ ಫೇಲಾಗಿ ಬಂದ ದಿನ ನಾನು ಯಾರ್‍ಯಾರನ್ನು ಬೈದೆ ಎಂಬುದನ್ನೆಲ್ಲ ಇಲ್ಲಿ ಬರೆಯಲಾರೆ. ಗ್ಯಾರೇಜಿನ ಮೇಸ್ತ್ರಿಗೆ ಬಿದ್ದ ಪಾಲಂತೂ ದೊಡ್ಡದು.

ಎಂಬತ್ತರ ದಶಕದ ಮೊದಲ ವರ್ಷಗಳು. ಅದಕ್ಕೆ ಮುಂಚೆ ನಮ್ಮ ಯಜಮಾನರು ಲೈನ್ ಲಾರಿ ಓಡಿಸುತ್ತಿದ್ದರು. ತಿಪಟೂರಿನಲ್ಲಿ ಕೊಬ್ಬರಿ ತುಂಬಿಕೊಂಡು ದಿಲ್ಲಿಯ ಕಡೆ ಹೋದರೆ ಬರುವುದು ಇಪ್ಪತ್ತು ದಿನಕ್ಕೋ ತಿಂಗಳಿಗೋ. ಬಂದರೂ ಎರಡು ದಿನ ಮಲಗಿ ಎದ್ದು ಮತ್ತೆ ಹೊರಡುವುದು. ಮದುವೆಯಾಗಿ ನಾಲ್ಕು ವರ್ಷವಾದರೂ ಅವರಿಗೆ ಸಾರಿಗೆ ಉಪ್ಪು ಎಷ್ಟಿರಬೇಕೆಂದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಆಮೇಲೆ ಹಳೆಯದೊಂದು ಡೀಸೆಲ್ ವ್ಯಾನು ಕೊಂಡರು. ಸುತ್ತಲಿನ ತೋಟಗಳ ಕಾಯಿ, ಕೊಬ್ಬರಿ ಚೀಲ ಹೇರಿಕೊಂಡು ಬೆಳಿಗ್ಗೆ ತಿಪಟೂರಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದರು. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ವ್ಯಾನಿನ ಮೇಲೆ ನನಗಿದ್ದ ಅಕ್ಕರೆ ಕೊಟ್ಟಿಗೆಯ ಹಸುವಿನ ಮೇಲೂ ಇರಲಿಲ್ಲ.

ಅದಕ್ಕೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯ ಎಂಬ ಕಾಗದ. ವಾರಕ್ಕೊಂದು ಬೆಳಿಗ್ಗೆ ಬ್ರೇಕ್ ಇನ್ಸ್‌ಪೆಕ್ಟರು ತಿಪಟೂರಿಗೆ ಬಂದು ಗಾಡಿಗಳನ್ನು ನೋಡುತ್ತಿದ್ದರು. ನಮ್ಮದರ ಬ್ರೇಕು ಹಿಡಿಯಿತು, ಲೈಟು ಉರಿಯಿತು, ಹಾರನ್ನೂ ಕೂಗಿತು. ಆಕ್ಸಿಲರೇಟರ್ ಒತ್ತು ಅಂದರಂತೆ. ಒತ್ತಿದ್ದೇ ತಡ, ಹಿಂದಿನಿಂದ ಕರ್‍ರಗೆ ಹೊಗೆ ಎದ್ದು ಇನ್ಸ್‌ಪೆಕ್ಟರೇ ಕಾಣದಂತಾದರಂತೆ. ಸರಿಮಾಡಿಸಿಕೊಂಡು ಬಾ ಎಂದು ವಾಪಸ್ ಕಳಿಸಿದರು.

ತಮಾಷೆ ನೋಡಿ, ಮಧ್ಯಾಹ್ನ ಗ್ಯಾರೇಜಿಗೆ ಹೋಗುವಷ್ಟರಲ್ಲಿ ಹೊಗೆಯೇ ಇಲ್ಲ! ಆದರೂ ಮೇಸ್ತ್ರಿ ಎಂಜಿನ್ನಿಗೆ ಡೀಸೆಲ್ ಚಿಮ್ಮುವ ನಾಜಲ್ ಬಿಚ್ಚಿ ತೊಳೆದರು, ಡೀಸೆಲ್ ಪಂಪು ನೋಡಿದರು, ಏರ್ ಫಿಲ್ಟರಿನ ಮುಚ್ಚಳ ತೆಗೆದು ಎಣ್ಣೆ ಗೆರೆಯವರೆಗೆ ಇದೆಯೆಂದು ಮುಚ್ಚಿದರು. ಮರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರ ಮುಂದೆ ಮತ್ತದೇ ಕರಿಹೊಗೆ, ಮಧ್ಯಾಹ್ನ ಗ್ಯಾರೇಜಿನಲ್ಲಿ ಪರಮ ಸಾಧು. ನಿನ್ನ ಗಾಡಿಗೆ ಇನ್ಸ್‌ಪೆಕ್ಟರನ್ನು ಕಂಡರಾಗದು ಎಂದು ಮೇಸ್ತ್ರಿ ನಕ್ಕರಂತೆ. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನವೇ ಬಸ್ಸು ಹತ್ತಿ ಹೋಗಿ, ಕೆಲಸ ಬರದಿದ್ದರೆ ಸ್ಪಾನರ್ ಕೆಳಗಿಡಿ ಎಂದು ಎಲ್ಲರೆದುರಿಗೇ ಅಂದುಬಂದೆ. ಆ ಮನುಷ್ಯ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು.

ಅಷ್ಟರಲ್ಲಿ ಹಳೆಯ ಲಾರಿಯ ಮಾಲೀಕರಿಂದ ಹೇಳಿಕೆ ಬಂತು. ಮುಂದಿನ ವಾರ, ಇನ್ಸ್‌ಪೆಕ್ಟರು ಬರುವ ದಿನವೇ ಸಂಜೆ, ದಿಲ್ಲಿಗೆ ಲೋಡು ಹೊರಡುತ್ತದೆ, ಡ್ರೈವರ್ ಬೇಕು. ಇವರು ಬಹಳ ಹೊತ್ತು ಯೋಚಿಸಿದರು. ಕೊನೆಗೆ, ಇನ್ನೊಂದು ಸಲ ನೋಡುತ್ತೇನೆ, ಈ ಸಲವೂ ಫೇಲಾದರೆ ವ್ಯಾನನ್ನು ಬಂದಷ್ಟಕ್ಕೆ ಮಾರಿ ಅಲ್ಲಿಂದಲೇ ಲಾರಿ ಹತ್ತುತ್ತೇನೆ ಎಂದರು. ನಾನು ಜಗಳವಾಡಿದೆ, ಒಂದು ದಿನ ಊಟ ಬಿಟ್ಟೆ. ಇವರ ಮಾತು ಬದಲಾಗಲಿಲ್ಲ.

ಆ ಬೆಳಿಗ್ಗೆ ಧನುರ್ಮಾಸದ ಚಳಿ. ಇವರು ಚೀಲಕ್ಕೆ ಬಟ್ಟೆ ತುಂಬಿಕೊಳ್ಳುತ್ತ, ತಲೆಗೆ ಹಚ್ಚುವ ಎಣ್ಣೆ ಒಂದಿಷ್ಟು ಚಿಕ್ಕ ಶೀಷೆಗೆ ಹಾಕಿಕೊಡು ಎಂದರು. ಮೂಗು ಸೊರಗುಟ್ಟಿಸುತ್ತಲೇ ದೊಡ್ಡ ಶೀಷೆ ಬಗ್ಗಿಸಿದೆ. ಒಂದು ತೊಟ್ಟೂ ಬೀಳಲಿಲ್ಲ. ತುಪ್ಪದ ಹಾಗೆ ಗಟ್ಟಿಯಾಗಿ ಕೂತಿತ್ತು. ಚಳಿಗಾಲದಲ್ಲಿ ಇದು ದಿನದ ಪಾಡು. ಬಚ್ಚಲೊಲೆಯ ಹತ್ತಿರ ಇಟ್ಟು ಕರಗಿಸಿಕೊಳ್ಳಬೇಕು. ಶೀಷೆ ಹಿಡಿದು ಬಚ್ಚಲಿಗೆ ಹೊರಟವಳು ಅಲ್ಲೇ ನಿಂತುಬಿಟ್ಟೆ.

ತಿಂಗಳ ಹಿಂದೆ ಇವರು ವ್ಯಾನಿನ ಏರ್ ಫಿಲ್ಟರ್ ತೊಳೆಯುತ್ತಿದ್ದರು. ಅದೊಂದು ಡಬ್ಬಿಯಂಥದು, ತಳದಲ್ಲಿ ಎಣ್ಣೆ, ಮೇಲೆ ತೆಂಗಿನ ನಾರಿನ ಜುಂಗಿನಂಥ ತಂತಿಯ ಜಾಲರಿ. ಎಂಜಿನ್ನಿಗೆ ಹೋಗುವ ಗಾಳಿಯ ಧೂಳೆಲ್ಲ ಆ ಎಣ್ಣೆಗೆ ಅಂಟಿ ಉಳಿಯುತ್ತದೆ. ಯಾರೋ ಕರೆದರೆಂದು ಇವರು ಎದ್ದು ಹೋಗುತ್ತ, ಅದಕ್ಕೆ ಗೆರೆಯವರೆಗೆ ಎಣ್ಣೆ ಹಾಕಿಡು ಎಂದರು. ಎಂಜಿನ್ನಿನದನ್ನು ಯಾವಾಗಲೂ ಆಯಿಲ್ ಎನ್ನುತ್ತಿದ್ದವರು ಆವತ್ತೇಕೋ ಎಣ್ಣೆ ಎಂದರು. ನಮ್ಮ ಸೀಮೆಯ ಮನೆಯಲ್ಲಿ ಎಣ್ಣೆ ಎಂದರೆ ಇನ್ನೇನು? ನಮ್ಮ ವ್ಯಾನಿಗೆ ತಾನೆ ಎಂದು ನಮ್ಮದೇ ತೋಟದ ಕೊಬ್ಬರಿಯಿಂದ ಆಡಿಸಿದ ಹೊಸ ಎಣ್ಣೆಯನ್ನು ಒಂಚೂರೂ ಚೆಲ್ಲದಂತೆ ಗೆರೆಯವರೆಗೆ ಹಾಕಿದ್ದೆ.

ಹೇಳಲೋ ಬೇಡವೋ ಅನ್ನಿಸಿತು, ಸುಳ್ಳೇಕೆ ಹೇಳಲಿ. ಗ್ಯಾರೇಜಿನಲ್ಲಿ ಅಷ್ಟು ಹಾರಾಡಿ ಬಂದವಳು! ಊರೆಲ್ಲ ಆಡಿಕೊಂಡು ನಗುತ್ತದೆ. ಆದರೆ ಇವರು ಚೀಲದ ಬಾಯಿ ಕಟ್ಟುತ್ತಿದ್ದರು.

“ರೀ, ಆ ಫಿಲ್ಟರಿಗೆ ನಾನು ಹಾಕಿದ್ದು ಕೊಬ್ಬರಿ ಎಣ್ಣೆ ಕಣ್ರೀ,” ಎಂದೆ.

ಇವರು ಹೊರಗೆ ಹೋಗಿ ಫಿಲ್ಟರ್ ಬಿಚ್ಚಿದರು. ಧೂಳು ಕುಡಿದು ಮಾಸಿದ ಎಣ್ಣೆ ಹೆಪ್ಪುಗಟ್ಟಿ ಜಾಲರಿಯ ಸಂದುಸಂದಿನಲ್ಲೂ ಕೂತಿತ್ತು. ಬೆಳಗಿನ ಚಳಿಗೆ ಗಾಡಿಗೆ ಉಸಿರೇ ಸಿಕ್ಕುತ್ತಿರಲಿಲ್ಲ. ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿದು ಹೊಗೆಯಾಗುತ್ತಿತ್ತು. ಬಿಸಿಲೇರಿದರೆ ಎಣ್ಣೆ ಕರಗಿ ಎಲ್ಲ ಸರಿ. ಇವರು ಜಾಲರಿಯನ್ನು ಡೀಸೆಲ್‌ನಲ್ಲಿ ಜಾಲಾಡಿ, ಆಯಿಲ್ ತುಂಬಿ ಸ್ಟಾರ್ಟ್ ಮಾಡಿದರು. ಒಮ್ಮೆ ಕೆಮ್ಮಿ ಕರಿಹೊಗೆ ಬಿಟ್ಟಿತು, ಆಮೇಲೆ ತಿಳಿಯಾಯಿತು. ನನ್ನನ್ನು ಬೈಯಲಿಲ್ಲ. ಆದರೆ ಏನಾಗುತ್ತೋ ನೋಡೋಣ ಎಂದು ಬಟ್ಟೆಯ ಚೀಲವನ್ನೂ ತೆಗೆದುಕೊಂಡೇ ಹೊರಟರು.

ಆ ದಿನವಿಡೀ ನನ್ನ ಕೈಗೆ ಕೆಲಸ ಹತ್ತಲಿಲ್ಲ. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಹೊರಗೆ ಬಂದು ನೋಡುವುದು, ಒಳಗೆ ಹೋಗುವುದು.

ದೀಪ ಹಚ್ಚುವ ಹೊತ್ತಿಗೆ ವ್ಯಾನು ಬಂತು. ಇವರು ಕೈಕಾಲು ತೊಳೆಯುತ್ತ, ಪಾಸಾದ ವಿಷಯ ಮೇಸ್ತ್ರಿಗೆ ಹೇಳಿದೆ, ಎಣ್ಣೆ ಹಾಕಿದ್ದು ನಾನೇ ಎಂದುಬಿಟ್ಟೆ ಅಂದರು. ನನ್ನ ತಪ್ಪನ್ನು ಅವರು ಹೊತ್ತದ್ದು ನನಗೆ ಸರಿಬರಲಿಲ್ಲ. ಮಾರನೆಯ ದಿನ ಹೋಗಿ, ಬೈದಷ್ಟೇ ಗಟ್ಟಿಯಾಗಿ ಎಲ್ಲರೆದುರಿಗೂ ನನ್ನ ತಪ್ಪು ಒಪ್ಪಿಕೊಂಡೆ. “ಬುಡಕ್ಕ,” ಎಂದರು ಮೇಸ್ತ್ರಿ. “ನಾನೂ ಗೆರೆ ನೋಡ್ದೆ, ಎಣ್ಣೆ ಮೂಸಿ ನೋಡ್ನಿಲ್ಲ.”

ಅದು ಮಾರನೆಯ ದಿನದ ಮಾತು. ಆ ಸಂಜೆ ಇವರು ಅಡುಗೆಮನೆಯ ಬಾಗಿಲಿಗೆ ಬಂದು ಜೇಬಿನಿಂದ ಕಾಗದ ತೆಗೆದರು.

“ಒಂದು ವರ್ಸಕ್ಕೆ ಕೊಟ್ಟವ್ರೆ ಕಣೇ. ಇನ್ನೊಂದು ವರ್ಸ ರಾತ್ರಿಗೆ ನಂದೂ ಒಂದು ಮುದ್ದೆ ಸೇರ್ಸಿ ತಿರುವು.”

ನಾನು ತಟ್ಟೆ ಹಾಕಿದೆ. ಅವರ ಮುದ್ದೆಯನ್ನು ಆಗಲೇ ತಿರುವಿ ಮುಚ್ಚಿಟ್ಟಿದ್ದೆ. ಅವರು ಬಾರದೇ ಹೋಗಿದ್ದರೆ ಅದನ್ನು ಏನು ಮಾಡುತ್ತಿದ್ದೆನೋ ನನಗೆ ಇವತ್ತಿಗೂ ಗೊತ್ತಿಲ್ಲ.