ನಫೀಸಾಳ ಬಾಯಲ್ಲಿ ಪಂಚಕಜ್ಜಾಯ

ಹತ್ತು ವರ್ಷದ ಹುಡುಗಿಯೊಬ್ಬಳು ಬಾಯಿ ತುಂಬ ಪ್ರಸಾದ ಇಟ್ಟುಕೊಂಡು ನಿಮ್ಮ ಮೇಜಿನ ಮುಂದೆ ಬಂದು ನಿಂತಿದ್ದಾಳೆ. ಅವಳಿಗೆ ಇವತ್ತು ಉಪವಾಸ. ನುಂಗಿದರೆ ಉಪವಾಸ ಕೆಡುತ್ತದೆ. ಉಗುಳಿದರೆ ಪ್ರಸಾದಕ್ಕೆ ಅಪಚಾರ. ನೀವು ಏನು ಹೇಳುತ್ತೀರಿ?

ಬೇಗ ಹೇಳಬೇಕು. ಬಾಯಲ್ಲಿರುವುದು ಬೆಲ್ಲ. ಅದು ನಿಮ್ಮ ಯೋಚನೆ ಮುಗಿಯಲಿ ಎಂದು ಕಾಯುವುದಿಲ್ಲ.

ಕಳೆದ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಈ ಪ್ರಶ್ನೆ ನನಗೆ ಎದುರಾಯಿತು. ಬನಾರಸದ ಕೇದಾರ ಘಾಟಿನ ಹಿಂದಿನ ಗಲ್ಲಿಯ ಒಂದು ಸಣ್ಣ ಶಾಲೆಯಲ್ಲಿ ಐದನೆಯ ತರಗತಿಗೆ ನಾನು ಸಮಾಜ ಪಾಠ ಮಾಡುತ್ತೇನೆ. ಓದಿದ್ದು ಇತಿಹಾಸದಲ್ಲಿ ಎಂ.ಎ. (ಯಾವ ದರ್ಜೆ ಎಂದು ಕೇಳಿ ಕಾಗದ ಬರೆದ ಓದುಗರು ಕ್ಷಮಿಸಬೇಕು. ಹೇಳುವುದಿಲ್ಲ.)

ಇದಕ್ಕೆಲ್ಲ ಮೂಲ ನಾನೇ. ಅದಕ್ಕೂ ಒಂದು ವಾರ ಮೊದಲು ಇಸ್ಲಾಂ ಧರ್ಮದ ಪಾಠ ಮಾಡಿದ್ದೆ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ. ಐದು ಸ್ತಂಭಗಳು: ಕಲಿಮಾ, ನಮಾಜ್, ರೋಜಾ, ಜಕಾತ್, ಹಜ್. ಪ್ರತಿಯೊಂದಕ್ಕೂ ಒಂದೊಂದು ಸಾಲು. ಬೋರ್ಡಿನ ಮೇಲೆ ಐದು ಕಂಬ ಬರೆದು, ಮೇಲೊಂದು ಛಾವಣಿ ಎಳೆದು, ಹೆಸರು ತುಂಬಿಸಿದೆ. ಚೆನ್ನಾಗಿಯೇ ಬಂದಿತ್ತು. ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ.

ಆದರೆ ನಮ್ಮ ತರಗತಿಯ ಅರ್ಧದಷ್ಟು ಮಕ್ಕಳು ಪುರೋಹಿತರ ಮನೆಯವರು. ಕನ್ನಡದವರು, ತೆಲುಗಿನವರು, ತಮಿಳಿನವರು. ಅವರಿಗೆ ಸ್ತಂಭಗಳಲ್ಲಿ ಆಸಕ್ತಿಯಿಲ್ಲ. ಅವರಿಗೆ ಬೇಕಾದದ್ದು ವಿಧಿ.

"ರೋಜಾದಲ್ಲಿ ಸಬ್ಬಕ್ಕಿ ನಡೆಯುತ್ತದಾ, ದೀದಿ?"

"ಇಲ್ಲ."

"ಹಾಲು? ಹಣ್ಣು?"

"ಸೂರ್ಯ ಮುಳುಗುವ ತನಕ ಏನೂ ಇಲ್ಲ. ನೀರೂ ಇಲ್ಲ."

ಏಕಾದಶಿಯ ದಿನ ಮನೆಯಲ್ಲಿ ಆಲೂಗಡ್ಡೆ, ಕಡಲೆಕಾಯಿ, ಬಾಳೆಹಣ್ಣು, ಕೆನೆಹಾಲು ಎಲ್ಲ ಸೇರಿ ಮಾಮೂಲಿ ಊಟಕ್ಕಿಂತ ಒಂದು ಕೈ ಹೆಚ್ಚೇ ಆಗುತ್ತದೆಂದು ಆ ಮಕ್ಕಳಿಗೆ ಗೊತ್ತು. ಎಲ್ಲರೂ ತಿರುಗಿ ನಫೀಸಾಳನ್ನು ನೋಡಿದರು. ತರಗತಿಯಲ್ಲಿ ಅವಳೊಬ್ಬಳೇ ಮುಸ್ಲಿಂ ಹುಡುಗಿ. ಮದನ್‌ಪುರದ ನೇಕಾರರ ಮನೆಯವಳು. ಗಣಿತದಲ್ಲಿ ಮೂವತ್ತೈದು ದಾಟದ ಹುಡುಗಿಗೆ ಅಂದು ಮೊದಲ ಬಾರಿಗೆ ಅಷ್ಟು ಗೌರವ ಸಿಕ್ಕಿತು.

"ಉಗುಳು ನುಂಗಬಹುದಾ? ಹಲ್ಲುಜ್ಜಬಹುದಾ? ಮುಳುಗು ಹಾಕುವಾಗ ಬಾಯಿಗೆ ಗಂಗೆ ನೀರು ಹೋದರೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ಪುಸ್ತಕದಲ್ಲಿ ಇರುವಷ್ಟು ಓದಿದರೆ ಸಾಕು" ಎಂದೆ. (ಮೇಷ್ಟರುಗಳ ಸಾರ್ವಕಾಲಿಕ ಉತ್ತರ. ಅದಕ್ಕೆ ಡಸ್ಟರ್ ಮೇಜಿಗೆ ಕುಟ್ಟುವುದೂ ಸೇರಿದರೆ ಸಂಪೂರ್ಣ.)

ನಫೀಸಾ ಮಾತ್ರ ಪಾಠವನ್ನು ಮನಸ್ಸಿಗೆ ತೆಗೆದುಕೊಂಡಳು. ಅವರಲ್ಲಿ ಮಗು ಮೊದಲ ರೋಜಾ ಹಿಡಿದ ದಿನ ಮನೆಯಲ್ಲಿ ಒಂದು ಸಣ್ಣ ಹಬ್ಬ. ಹೊಸ ಬಟ್ಟೆ, ಕೊರಳಿಗೆ ಹೂಮಾಲೆ, ಸಂಜೆ ನೆಂಟರಿಷ್ಟರು, ಉಡುಗೊರೆ. ಚಿಕ್ಕಪ್ಪನ ಮಗಳು ರೆಹಾನಾ ಒಂಬತ್ತು ವರ್ಷಕ್ಕೇ ಹಿಡಿದು ಮುಗಿಸಿದ್ದಾಳಂತೆ. ನಫೀಸಾಗೆ ಹತ್ತಾಯಿತು. ರೆಹಾನಾ ದಿನವೂ ನೆನಪಿಸುತ್ತಾಳಂತೆ. ಹಾಗಾಗಿ ಶನಿವಾರ ನಿಗದಿಯಾಯಿತು. ದಾದಿ, ಅಂದರೆ ಅಪ್ಪನ ಅಮ್ಮ, ಹಸಿರು ಬಟ್ಟೆ ಹೊಲಿಸಿದರು. ನಾಲ್ಕು ಮನೆಗೆ ಹೇಳಿಕಳಿಸಿದರು.

ಶನಿವಾರ ಬೆಳಿಗ್ಗೆ ತರಗತಿಗೆ ತರಗತಿಯೇ ಕಾವಲಿಗೆ ನಿಂತಿತ್ತು. ನಲ್ಲಿಯ ಹತ್ತಿರ ಇಬ್ಬರು. ಹತ್ತಿರ ಕೂತು ತಿಂಡಿಡಬ್ಬಿ ತೆಗೆದವರಿಗೆ ಗದರಿಕೆ. ಕಾವಲಿನ ಮುಖ್ಯಸ್ಥೆ ಭಾಗೀರಥಿ, ನಫೀಸಾಳ ಬೆಂಚಿನ ಗೆಳತಿ. ಹನುಮಾನ್ ಘಾಟಿನಲ್ಲಿ ನಾನು ಬಾಡಿಗೆಗಿರುವ ಮನೆಯ ಭಟ್ಟರ ಮಗಳು. ನಮ್ಮ ಕರಾವಳಿಯಿಂದ ಮೂರು ತಲೆಮಾರಿನ ಹಿಂದೆ ಇಲ್ಲಿಗೆ ಬಂದು, ಯಾತ್ರಿಕರಿಗೆ ಪೂಜೆ ಪುನಸ್ಕಾರ ಮಾಡಿಸುವ ಮನೆತನ. ಶಾಲೆಯಲ್ಲಿ ನನ್ನನ್ನು ಎಲ್ಲರಂತೆ ದೀದಿ ಅನ್ನುತ್ತಾಳೆ, ಗೇಟು ದಾಟಿದರೆ ಅಕ್ಕ.

ಭಟ್ಟರು ಕೇದಾರೇಶ್ವರನಿಗೆ ಅಭಿಷೇಕ ಮಾಡಿಸಿದ ದಿನ ಭಾಗೀರಥಿ ಒಂದು ಸ್ಟೀಲ್ ಡಬ್ಬಿ ತುಂಬ ಪಂಚಕಜ್ಜಾಯ ತರುತ್ತಾಳೆ. ಮೊದಲ ಬೆಂಚಿನಿಂದ ಕೊನೆಯ ಬೆಂಚಿನ ತನಕ ಹಂಚುತ್ತಾಳೆ. ನಫೀಸಾ ಕೂಡ ಉಳಿದವರಂತೆ ಬಲಗೈ ಕೆಳಗೆ ಎಡಗೈ ಹಿಡಿದು ತೆಗೆದುಕೊಳ್ಳುತ್ತಾಳೆ. ಕಣ್ಣಿಗೊತ್ತಿಕೊಳ್ಳುವುದನ್ನು ಮಾತ್ರ ಬಿಟ್ಟು, ನೇರ ಬಾಯಿಗೆ. ಮೂರು ವರ್ಷದಿಂದ ನಡೆದು ಬಂದ ಪದ್ಧತಿ.

ಶನಿವಾರವೂ ಅಭಿಷೇಕವಿತ್ತು.

ಕೈಗೆ ಅಭ್ಯಾಸವಾದದ್ದನ್ನು ತಲೆ ತಡೆಯುತ್ತದೆಯೇ? ಹಂಚಿದವಳಿಗೂ ನೆನಪಿಲ್ಲ, ತಿಂದವಳಿಗೂ ಇಲ್ಲ. ಎರಡನೆಯ ಬಾರಿ ಬಾಯಿಗೆ ಹಾಕಿಕೊಂಡಾಗ ಹಿಂದಿನ ಬೆಂಚಿನಿಂದ ಒಂದು ದನಿ: "ಅರೇ, ಇವಳಿಗೆ ರೋಜಾ."

ನಫೀಸಾ ಅಗಿಯುವುದನ್ನು ನಿಲ್ಲಿಸಿದಳು. ಉಗುಳಲು ಕಿಟಕಿಯ ಕಡೆ ಓಡಿದಳು. ಭಾಗೀರಥಿ ತೋಳು ಹಿಡಿದಳು.

"ಉಗುಳಬೇಡ, ಪ್ರಸಾದ."

"ನುಂಗಬೇಡ, ರೋಜಾ ಹೋಗುತ್ತೆ" ಎಂದು ಇನ್ನೊಂದು ಪಕ್ಷ.

"ಕಿಟಕಿಯಿಂದ ಉಗುಳಿದರೆ ಯಾರಾದರೂ ತುಳಿಯುತ್ತಾರೆ. ತುಳಿದವರಿಗೆ ಪಾಪ."

"ತುಳಿದವರಿಗೆ ಅಲ್ಲ, ಉಗುಳಿದವರಿಗೆ."

"ಕೊಟ್ಟವರಿಗೆ" ಎಂದ ಒಬ್ಬ. ಭಾಗೀರಥಿಯ ಮುಖ ಸಣ್ಣದಾಯಿತು.

ಹೀಗೆ ಶಾಸ್ತ್ರಾರ್ಥ ನಡೆಯುತ್ತಿರುವಾಗ ನಫೀಸಾ ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಮುಂದೆ ಬಂದು ನಿಂತಳು. ಐದು ಕಂಬ ಬರೆದವಳು ನಾನು. ತೀರ್ಪು ಕೊಡಬೇಕಾದವಳೂ ನಾನೇ ತಾನೆ?

ನಿಜ ಹೇಳುತ್ತೇನೆ, ಆ ಒಂದು ನಿಮಿಷ ನಾನು ಧರ್ಮದ ಬಗ್ಗೆ ಯೋಚಿಸಲಿಲ್ಲ. ಹಿಂದೂ-ಮುಸ್ಲಿಂ ಗಲಭೆಯ ಕರ್ಫ್ಯೂ ತೆಗೆದು ನಾಲ್ಕು ತಿಂಗಳು ಕಳೆದಿತ್ತು ಅಷ್ಟೆ. "ಶಾಲೆಯಲ್ಲಿ ರೋಜಾ ಹಿಡಿದ ಹುಡುಗಿಗೆ ಪ್ರಸಾದ ತಿನ್ನಿಸಿದರು" ಎಂಬ ಒಂದು ವಾಕ್ಯ ಕೇದಾರ ಘಾಟಿನಿಂದ ಮದನ್‌ಪುರಕ್ಕೆ ತಲುಪಲು ಎಷ್ಟು ಹೊತ್ತು ಬೇಕು? ನಡೆದರೆ ಹತ್ತು ನಿಮಿಷ. ಮಾತು ನಡೆಯುವುದಿಲ್ಲ, ಓಡುತ್ತದೆ.

ಕರ್ಚೀಫು ತೆಗೆದು ಅಂಗೈ ಮೇಲೆ ಹರಡಿದೆ. "ಇದರಲ್ಲಿ ಹಾಕು" ಎಂದೆ.

ಎರಡೂ ಪಕ್ಷ ಒಪ್ಪಿದವು. ನೆಲಕ್ಕೆ ಬೀಳಲಿಲ್ಲ, ಹೊಟ್ಟೆಗೂ ಹೋಗಲಿಲ್ಲ. ಬಾಯಿ ಮುಕ್ಕಳಿಸುವಾಗ ನೀರು ಒಳಗೆ ಹೋಗದಂತೆ ನೋಡಿಕೊಳ್ಳಲು ನಾಲ್ವರು ಅವಳ ಗಂಟಲನ್ನೇ ದಿಟ್ಟಿಸುತ್ತಾ ನಿಂತರು. ಆದರೆ ಕರ್ಚೀಫಿನ ಗಂಟನ್ನು ಏನು ಮಾಡುವುದು? ಗಂಗೆಗೆ ಹಾಕಬಹುದೇ? ಎಂಜಲು, ಕೂಡದು. ತುಳಸಿ ಬುಡಕ್ಕೆ? ಅದೂ ಕೂಡದು. ಹಸು ತಿನ್ನಬಹುದು ಎಂದು ತೀರ್ಮಾನವಾಯಿತು. ಬನಾರಸದ ಗಲ್ಲಿಯಲ್ಲಿ ಹಸುವಿಗೆ ಹುಡುಕಾಡಬೇಕಿಲ್ಲ, ಬಾಗಿಲಲ್ಲೇ ಇತ್ತು. ಪ್ರಸಾದದೊಂದಿಗೆ ನನ್ನ ಕರ್ಚೀಫಿನ ಅರ್ಧವನ್ನೂ ಸ್ವೀಕರಿಸಿತು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಫೀಸಾ ಬಿಕ್ಕುತ್ತಾ ಹೇಳಿದಳು: "ಮೊದಲ ತುತ್ತು ಒಳಗೆ ಹೋಗಿಬಿಟ್ಟಿತು, ದೀದಿ. ರೋಜಾ ಟೂಟ್ ಗಯಾ, ಮುರಿದೇ ಹೋಯಿತು. ಸಾಯಂಕಾಲ ಎಲ್ಲರೂ ಬರುತ್ತಾರೆ. ಸುಳ್ಳು ಹೇಳಿ ಮಾಲೆ ಹಾಕಿಸಿಕೊಳ್ಳಲಾ? ರೆಹಾನಾ ಇದ್ದಾಳಲ್ಲ, ಮುದುಕಿಯಾಗುವ ತನಕ ಆಡಿಕೊಳ್ಳುತ್ತಾಳೆ."

ಭಾಗೀರಥಿ ತನ್ನ ತಿಂಡಿಡಬ್ಬಿಯನ್ನು ಬ್ಯಾಗಿನ ತಳಕ್ಕೆ ತುರುಕಿದಳು. ಮಧ್ಯಾಹ್ನವೂ ತೆಗೆಯಲಿಲ್ಲ.

ಶಾಲೆ ಬಿಟ್ಟ ಮೇಲೆ ಇಬ್ಬರನ್ನೂ ಕರೆದುಕೊಂಡು ಮದನ್‌ಪುರಕ್ಕೆ ನಡೆದೆ. ಅಪರಿಚಿತರ ಮನೆಗೆ ಹೋಗಿ ಮಾತು ಶುರುಮಾಡುವುದು ನನ್ನ ಸ್ವಭಾವಕ್ಕೆ ಒಗ್ಗದ ಕೆಲಸ. ದಾರಿಯುದ್ದಕ್ಕೂ ಒಂದು ವಾಕ್ಯವನ್ನು ತಿದ್ದಿಕೊಳ್ಳುತ್ತಾ ಹೋದೆ. "ಪ್ರಸಾದ" ಎಂಬ ಮಾತು ತೆಗೆದೆ. "ಸಿಹಿ" ಎಂದು ಹಾಕಿದೆ. "ತಿಂದಳು" ತೆಗೆದು "ಬಾಯಿಗೆ ಹೋಯಿತು" ಮಾಡಿದೆ. ಯಾರು ಕೊಟ್ಟರು ಎಂಬುದನ್ನು ಪೂರ್ತಿ ಬಿಟ್ಟೆ. ವಾಕ್ಯ ತುಂಬ ನೀಟಾಗಿತ್ತು.

ಬಳಸಲು ಅವಕಾಶವೇ ಸಿಗಲಿಲ್ಲ. ದಾದಿ ಹೊಸ್ತಿಲೊಳಗೆ ಕೂತು ರೇಷ್ಮೆ ನೂಲು ಸುತ್ತುತ್ತಿದ್ದರು. ಒಳಗೆ ನಫೀಸಾಳ ಅಪ್ಪನ ಮಗ್ಗ ಖಟ್ ಖಟ್ ಎನ್ನುತ್ತಿತ್ತು. ನಾನು "ನಮಸ್ತೆ" ಅನ್ನುವಷ್ಟರಲ್ಲಿ ನಫೀಸಾ ಬಾಯಿಬಿಟ್ಟಳು.

"ದಾದಿ, ಭಾಗೀರಥಿ ಪ್ರಸಾದ ಕೊಟ್ಟಳು, ನಾನು ತಿಂದೆ."

ಮಗ್ಗ ನಿಂತಿತು.

ದಾದಿ ನೂಲಿನಿಂದ ಕಣ್ಣು ತೆಗೆಯಲಿಲ್ಲ. "ತಿನ್ನುವಾಗ ರೋಜಾ ನೆನಪಿತ್ತಾ?"

"ಇರಲಿಲ್ಲ."

"ನೆನಪಾದ ಮೇಲೆ?"

"ಉಗುಳಿದೆ. ದೀದಿಯ ರುಮಾಲಿನಲ್ಲಿ."

"ತಕ್ಷಣ?"

ನಫೀಸಾ ನನ್ನ ಮುಖ ನೋಡಿದಳು. "ಒಂದು ನಿಮಿಷ ತಡವಾಯಿತು" ಎಂದೆ. "ತಪ್ಪು ನನ್ನದು. ನಾನು ಯೋಚಿಸುತ್ತಿದ್ದೆ."

"ಆ ಒಂದು ನಿಮಿಷದಲ್ಲಿ ನುಂಗಿದೆಯಾ?"

"ಇಲ್ಲ ದಾದಿ, ಕಸಮ್. ಕೆನ್ನೆಯಲ್ಲಿ ಇಟ್ಟುಕೊಂಡಿದ್ದೆ. ಬೇಕಾದರೆ ಭಾಗೀರಥಿಯನ್ನು ಕೇಳಿ."

"ಅಲ್ಲಾಡಿಸಲೂ ಇಲ್ಲ" ಎಂದಳು ಸಾಕ್ಷಿ.

ದಾದಿ ಭಾಗೀರಥಿಯತ್ತ ತಿರುಗಿದರು. "ಬೆಲ್ಲದ್ದಾ, ಸಕ್ಕರೆಯದ್ದಾ?"

"ಬೆಲ್ಲದ್ದು."

ತೀರ್ಪಿಗೆ ಅದೂ ಬಹಳ ಮುಖ್ಯ ಎನ್ನುವಂತೆ ದಾದಿ ತಲೆಯಾಡಿಸಿದರು. ಆಮೇಲೆ ಹೇಳಿದರು: "ಮರೆತು ತಿಂದರೆ ರೋಜಾ ಮುರಿಯುವುದಿಲ್ಲ, ಹುಚ್ಚಿ. ನೆನಪಾದ ಕೂಡಲೇ ನಿಲ್ಲಿಸಿದರೆ ಸರಿ. ಮರೆತವರ ಬಾಯಿಗೆ ಬಿದ್ದದ್ದು ಅಲ್ಲಾ ತಿನ್ನಿಸಿದ್ದು. ಹೋಗು, ಮುಖ ತೊಳಿ. ಸಂಜೆ ಅಳುಮುಖ ಇಟ್ಟುಕೊಂಡು ಮಾಲೆ ಹಾಕಿಸಿಕೊಳ್ಳಬೇಡ."

ಒಳಗೆ ಮಗ್ಗ ಮತ್ತೆ ಖಟ್ ಅಂದಿತು. ನಾನು ಅಷ್ಟು ಹೊತ್ತಿನಿಂದ ನಿಂತೇ ಇದ್ದೆ ಎಂಬುದು ಆಗ ಗೊತ್ತಾಯಿತು. ಕೂತೆ.

"ಬಹೆನ್‌ಜಿ, ಇದನ್ನು ಪಾಠದಲ್ಲಿ ಹೇಳಿಕೊಡಲಿಲ್ಲವಾ?"

"ಪುಸ್ತಕದಲ್ಲಿ ಇರಲಿಲ್ಲ."

"ಏನಿದೆ ಮತ್ತೆ?"

"ಐದು ಸ್ತಂಭಗಳು."

"ಓಹೋ. ಬೀದಿಯಲ್ಲಿ ನಿಂತು ಮನೆಯ ಕಂಬ ಎಣಿಸಿಕೊಂಡು ಹೋದಿರಿ" ಎಂದರು ದಾದಿ. ಹಂಗಿಸುವ ದನಿಯಲ್ಲ. ಆದರೂ ಚುರುಕ್ಕೆಂದಿತು.

ಆಗಲೇ ಅವರ ಕಣ್ಣು ಭಾಗೀರಥಿಯ ಒಣಗಿದ ತುಟಿಯ ಮೇಲೆ ಬಿದ್ದದ್ದು. "ಇವಳಿಗೇನಾಗಿದೆ?"

"ಬೆಳಿಗ್ಗೆಯಿಂದ ಇವಳೂ ತಿಂದಿಲ್ಲ" ಎಂದಳು ನಫೀಸಾ, ಮುಖ ಒರೆಸುತ್ತಾ. "ನಂದು ಮುರೀತು ಅಂತ."

ದಾದಿ ಎದ್ದರು. ಒಳಗಿನಿಂದ ಬಾಳೆಹಣ್ಣು ತಂದರು. ಸಿಪ್ಪೆ ಸುಲಿಯಲಿಲ್ಲ, ತಟ್ಟೆಯಲ್ಲೂ ಇಡಲಿಲ್ಲ, ನೀರು ಬೇಕೇ ಎಂದು ಕೇಳಲೂ ಇಲ್ಲ. ಗೊನೆಯಿಂದ ಎರಡು ಕಿತ್ತು ಹಾಗೆಯೇ ಅವಳ ಕೈಗೆ ಕೊಟ್ಟರು. "ಸಿಪ್ಪೆ ಇರುವ ಹಣ್ಣಿಗೆ ನಿಮ್ಮ ಮನೆಯಲ್ಲಿ ದೋಷವಿಲ್ಲ. ತಿನ್ನು ಬೇಟಾ. ಇವತ್ತು ನಮ್ಮ ಒಂಬತ್ತನೆಯ ರೋಜಾ, ಅಂದರೆ ಚಂದ್ರನ ಲೆಕ್ಕದಲ್ಲಿ ನಿಮ್ಮ ಏಕಾದಶಿ ನಾಳೆ. ಇವತ್ತು ಎಲ್ಲ ನಡೆಯುತ್ತೆ."

ಮರುದಿನ ಹೋಳಿಗೆ ಮುಂಚಿನ ರಂಗಭರಿ ಏಕಾದಶಿ ಎಂಬುದು ನನಗೆ ನೆನಪಿರಲಿಲ್ಲ. ಕೇದಾರ ಘಾಟಿನ ಗಲ್ಲಿಯಲ್ಲಿ ಗುಲಾಲಿನ ಅಂಗಡಿಗಳು ತೆರೆದುಕೊಂಡು ನಾಲ್ಕು ದಿನವಾಗಿದ್ದರೂ. ಮನೆಗೆ ಬಂದು ಭಟ್ಟರ ಪಂಚಾಂಗ ನೋಡಿದೆ. ದಾದಿಯ ಲೆಕ್ಕ ಸರಿಯಾಗಿತ್ತು. ಶಾಲೆಯ ಮೆಟ್ಟಿಲು ಹತ್ತದ ಆ ಮುದುಕಿಗೆ ನಮ್ಮ ಮಡಿಯ ಉಪನಿಯಮಗಳು ಗೊತ್ತು. ಅವು ಯಾವ ಪುಸ್ತಕದ ಅರ್ಧ ಪುಟದಲ್ಲಿ ಸಿಕ್ಕವು? ಎಷ್ಟು ವರ್ಷ ಯಾರ ಯಾರ ಮನೆಗೆ ಸೀರೆ ಹೊತ್ತುಕೊಂಡು ಹೋಗಿ, ಯಾವ ಹೊಸ್ತಿಲ ಹೊರಗೆ ನಿಂತು ಕಲಿತರೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಸೋಮವಾರ ಬೋರ್ಡಿನ ಮೇಲೆ ಮತ್ತೆ ರೋಜಾ ಎಂದು ಬರೆದು, ಈ ಬಾರಿ ಸೀಮೆಸುಣ್ಣವನ್ನು ನಫೀಸಾಳ ಕೈಗೆ ಕೊಟ್ಟೆ. ಉಗುಳಿನ ಪ್ರಶ್ನೆ, ಹಲ್ಲುಜ್ಜುವ ಪ್ರಶ್ನೆ, ಮುಳುಗು ಹಾಕುವ ಪ್ರಶ್ನೆ ಎಲ್ಲಕ್ಕೂ ಅವಳು ಮನೆಯಿಂದ ಉತ್ತರ ಕೇಳಿಕೊಂಡು ಬಂದಿದ್ದಳು. ಗೊತ್ತಿಲ್ಲದ ಎರಡಕ್ಕೆ "ಗೊತ್ತಿಲ್ಲ, ದಾದಿಯನ್ನು ಕೇಳಿ ಹೇಳ್ತೀನಿ" ಎಂದಳು. ಅಷ್ಟು ಸುಲಭದ ವಾಕ್ಯ. ನನಗೆ ಬಂದಿರಲಿಲ್ಲ.

ಇಷ್ಟೆಲ್ಲ ಆದ ಮೇಲೂ ಶನಿವಾರ ಸಂಜೆ ಮದನ್‌ಪುರದಿಂದ ಮನೆಗೆ ನಡೆಯುವಾಗ ಭಾಗೀರಥಿ ಕೇಳಿದ ಪ್ರಶ್ನೆಯೊಂದು ನನ್ನ ಹತ್ತಿರವೇ ಉಳಿದಿದೆ. ಎರಡನೆಯ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ, ಹಗುರಾದ ಮನಸ್ಸಿನಿಂದ, ಅವಳು ಕನ್ನಡದಲ್ಲಿ ಕೇಳಿದ್ದು ಇದು:

"ಅಕ್ಕಾ, ಪ್ರಸಾದ ಕೊಟ್ಟಿದ್ದು ಕೇದಾರೇಶ್ವರ, ತಿನ್ಸಿದ್ದು ಅಲ್ಲಾ. ಹಾಗಾದ್ರೆ ಅವರಿಬ್ರೂ ಮೊದ್ಲೇ ಮಾತಾಡ್ಕೊಂಡಿದ್ರಾ?"