ಎರಡು ತುಂಡಾಗಿ ವಾಪಸು ಬಂದ ಸೀರೆ

ಇಳಕಲ್‌ನ ಶಹನಾಜ ಸೀರೆಯನ್ನು ಮಧ್ಯಾಹ್ನ ಒಂದು ಗಂಟೆಯ ನಂತರವೇ ತೂಗುತ್ತಾರೆ. ಬೆಳಿಗ್ಗೆ ತೂಗಿದರೆ ಹತ್ತಿ ರಾತ್ರಿಯ ತೇವ ಹಿಡಿದಿರುತ್ತದೆ. ಹತ್ತು ಹನ್ನೆರಡು ಗ್ರಾಂ ಹೆಚ್ಚು ಬರುತ್ತದೆ. ಪಾರ್ಸೆಲ್ಲು ಅರ್ಧ ಕಿಲೋ ದಾಟಿ ಮೇಲಿನ ದರಕ್ಕೆ ಹೋಗಲು ಅಷ್ಟು ಸಾಕು. ಆದ್ದರಿಂದ ಮಾಳಿಗೆಯ ಮೇಲೆ ಎರಡು ತಾಸು ಹರವಿ, ಮಡಚಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಅಂಕಿ ಕಾಣುವಂತೆ ಫೋಟೊ ತೆಗೆಯುತ್ತಾರೆ. ಅಂಚೆ ಖರ್ಚಿನಲ್ಲಿ ತಾವು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೇಳುತ್ತಿಲ್ಲ ಎಂಬುದಕ್ಕೆ ಆ ಫೋಟೊ ಸಾಕ್ಷಿ.

ಅವರಿಗೆ ಮೂವತ್ತೆಂಟು ವರ್ಷ. ಗಂಡ ಜುಬೇರ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಎರಡು ವರ್ಷಗಳಿಂದ ಅಲ್ಲಿ ವಾರಕ್ಕೆ ಮೂರು ದಿನ ಮಾತ್ರ ಕೆಲಸ. ಉಳಿದ ದಿನಗಳಲ್ಲಿ ಮನೆ ನಡೆಯುವುದು ಶಹನಾಜರ ಫೋನಿನಿಂದ. ಇಳಕಲ್, ಹುನಗುಂದ, ಕೂಡಲಸಂಗಮದ ಆಸುಪಾಸಿನ ಮನೆಗಳಲ್ಲಿ ಟ್ರಂಕಿನ ತಳಕ್ಕೆ ಬಿದ್ದ ಕೈಮಗ್ಗದ ಸೀರೆಗಳನ್ನು ತಂದು, ತೊಳೆದು, ಹಳೆಯ ಸಾಮಾನು ಮಾರುವ ಒಂದು ಆ್ಯಪ್‌ನಲ್ಲಿ ಹಾಕುತ್ತಿದ್ದರು. ನಾಲ್ಕು ವರ್ಷದಲ್ಲಿ ಆರುನೂರ ಹನ್ನೆರಡು ಸೀರೆ ಹೋದವು. ಕೊಂಡವರು ಕೊಟ್ಟ ಸ್ಟಾರ್‌ಗಳ ಸರಾಸರಿ ಐದಕ್ಕೆ ನಾಲ್ಕೂ ಮುಕ್ಕಾಲು. ಹೊಸ ಗಿರಾಕಿ ಬರುವುದು ಅದನ್ನು ನೋಡಿಯೇ. ಅದು ಹೋದರೆ ಅಂಗಡಿಯೂ ಹೋದಂತೆ.

ಸೀರೆಯ ಬೆಲೆಗೆ ಜಗಳ ಮಾಡುವವರು ಕಡಿಮೆ. ಜಗಳವೆಲ್ಲ ಅಂಚೆಯ ಖರ್ಚಿಗೆ. ಐವತ್ತು ವರ್ಷದ ಸೀರೆಗೆ ಸಾವಿರದೆಂಟುನೂರು ಕೊಡಲು ಒಪ್ಪಿದವರು, ಕಳಿಸಲು ತೊಂಬತ್ನಾಲ್ಕು ಎಂದ ಕೂಡಲೇ ಗರಂ ಆಗುತ್ತಾರೆ. "ಶಿಪ್ಪಿಂಗ್ ಫ್ರೀ ಇಲ್ವಾ? ಹಳೇ ಬಟ್ಟೆಗೂ ಪೋಸ್ಟೇಜಾ?" ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರಿಗೆ ಸೀರೆ ಹಳೆಯದೇ ಬೇಕು, ಆದರೆ ಮಡಿಕೆಯ ಗೆರೆ ಇರಬಾರದು, ಉಡುಗೊರೆಯ ಡಬ್ಬಿಯಲ್ಲಿ ಬರಬೇಕು, ನಾಡಿದ್ದೇ ತಲುಪಬೇಕು.

ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೆಗೆದುಕೊಳ್ಳುವ ಯಮನಪ್ಪ ಈ ಮೆಸೇಜುಗಳನ್ನು ಓದಿಸಿಕೊಂಡು ನಗುತ್ತಾರೆ. "ತಂಗಿ, ನಾ ಫ್ರೀ ಕಳಸಾಕ ತಯಾರ ಅದೇನಿ. ನಮ್ಮ ಗಾಡಿಗೆ ಡೀಸಲ್ ಅವರ ಮನಿ ನಳದಾಗ ಬರ್ತೈತೇನು ಅಷ್ಟ ಕೇಳು."

ಜೂನ್‌ನಲ್ಲಿ ಹುನಗುಂದದ ಸಿದ್ದವ್ವ ಒಂದು ಸೀರೆ ಕೊಟ್ಟರು. ದಾಳಿಂಬೆ ಬಣ್ಣದ ಒಡಲು, ಅಗಲವಾದ ದಡಿ, ಕೆಂಪು ಬಿಳುಪಿನ ರೇಷ್ಮೆ ಸೆರಗು. ಎಪ್ಪತ್ತು ದಾಟಿದ ಸಿದ್ದವ್ವನಿಗೆ ಅದರ ಭಾರ ಈಗ ಆಗದು, ಸೊಸೆಯಂದಿರು ಉಡುವುದಿಲ್ಲ. "ಪೆಟಿಗ್ಯಾಗ ಕೊಳೀಯೂದಕ್ಕಿಂತ ಯಾರರೆ ಉಡ್ಲಿ. ನನಗ ದಿನಾ ಉಡಾಕ ಎರಡ ಮೆತ್ತನ್ನ ಸೀರಿ ತಂದ ಕೊಡು, ಸಾಕು" ಎಂದಿದ್ದರು.

ಸೀರೆಯನ್ನು ಕೇಳಿದವರು ಬೆಂಗಳೂರಿನ ಒಬ್ಬ ಮಹಿಳೆ. ಅಂಚೆ ಖರ್ಚಿನ ಬಗ್ಗೆ ಎರಡು ದಿನ ಮೆಸೇಜು ನಡೆಯಿತು. ಕೊನೆಗೆ ಬೇಸತ್ತು ಶಹನಾಜ ಅರ್ಧ ತಾವೇ ಹಾಕಿಕೊಂಡರು. ಮಂಗಳವಾರ ಸೀರೆ ತಲುಪಿತು. ಬುಧವಾರ ಬೆಳಿಗ್ಗೆ ಮೆಸೇಜು ಬಂತು: "ಇದು ಒಂದೇ ಸೀರೆ ಅಲ್ಲ. ಬೇರೆ ಯಾವುದೋ ಸೆರಗನ್ನು ತಂದು ಜೋಡಿಸಿದ್ದೀರಿ. ಕೈಯಲ್ಲಿ ಮುಟ್ಟಿದರೆ ಗೊತ್ತಾಗುತ್ತೆ. ಮೋಸ."

ಆ ಮಹಿಳೆ ಮುಟ್ಟಿದ್ದು ಕೊಂಡಿಯನ್ನು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ನೇಯ್ಗೆ ಶುರುವಾಗುವ ಮೊದಲು ಸೆರಗಿನ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕೈಯಿಂದ ಕೊಂಡಿ ಹಾಕಿ ಸೇರಿಸಬೇಕು. ಒಂದು ಸೀರೆಗೆ ಸಾವಿರಾರು ಕೊಂಡಿ. ನೇಯ್ದ ಮೇಲೆ ಸೆರಗು ಆರಂಭವಾಗುವ ಜಾಗದಲ್ಲಿ ಅಡ್ಡಲಾಗಿ ಒಂದು ಸಣ್ಣ ಏರು ಬೆರಳಿಗೆ ಹತ್ತುತ್ತದೆ. ಊರಿನ ಹೆಂಗಸರು ಸೀರೆ ಕೊಳ್ಳುವಾಗ ಮೊದಲು ಹುಡುಕುವುದು ಆ ಏರನ್ನೇ. ಯಂತ್ರದ ನಕಲಿಯಲ್ಲಿ ಅದು ಸಿಗುವುದಿಲ್ಲ. ಶಹನಾಜರ ತಾಯಿ ಮಕ್ತುಮಬಿ ಮೂವತ್ತು ವರ್ಷ ಕೂತು ಮಾಡಿದ ಕೆಲಸ ಅದೊಂದೇ.

ಇಷ್ಟಾಗಿ ಆರುನೂರ ಹನ್ನೆರಡು ಜಾಹೀರಾತುಗಳಲ್ಲಿ ಒಂದರಲ್ಲೂ ಶಹನಾಜ ಕೊಂಡಿಯ ಬಗ್ಗೆ ಒಂದು ಸಾಲು ಬರೆದಿರಲಿಲ್ಲ. ತೂಕ ಬರೆದಿದ್ದರು, ಉದ್ದ ಬರೆದಿದ್ದರು, ಕಲೆ ಇದ್ದರೆ ಅದರ ಜಾಗ ಬರೆದಿದ್ದರು. "ಸೀರಿಗೆ ಎರಡ ದಡಿ ಇರ್ತಾವಂತ ಯಾರರೆ ಬರೀತಾರೇನ್ರಿ? ಹಂಗ ಇದೂ" ಎನ್ನುತ್ತಾರೆ. ತಪ್ಪು ಎನ್ನುವುದಾದರೆ ಅವರ ಕಡೆಯಿಂದ ಆದ ತಪ್ಪು ಇದೊಂದೇ.

ಬುಧವಾರವೇ ಎಲ್ಲವನ್ನೂ ವಿವರಿಸಿ ಬರೆದರು. ಉತ್ತರ ಹತ್ತು ನಿಮಿಷದಲ್ಲಿ ಬಂತು: "ಹಾಗಾದ್ರೆ ಜಾಯಿಂಟ್ ಇದೆ ಅಂತ ನೀವೇ ಒಪ್ಕೊಂಡ್ರಲ್ಲ."

ಸಂಜೆ ಆ್ಯಪ್‌ಗೆ ದೂರು ಹೋಯಿತು, ಜೊತೆಗೆ ಒಂದು ವಿಡಿಯೊ. ಮೇಜಿನ ಮೇಲೆ ಸೀರೆ ಹರವಿದೆ. ಒಂದು ಕೈ ಸೆರಗನ್ನು ಬಿಗಿಯಾಗಿ ಹಿಡಿದಿದೆ, ಇನ್ನೊಂದು ಕೈ ಕೊಂಡಿಯ ಗೆರೆಯುದ್ದಕ್ಕೂ ಕತ್ತರಿ ಆಡಿಸುತ್ತದೆ. "ನೋಡಿ, ಎರಡು ಪೀಸ್" ಎನ್ನುತ್ತದೆ ಧ್ವನಿ. ವಿಡಿಯೊ ನಲವತ್ತು ಸೆಕೆಂಡಿನದು.

ಮುಂದಿನ ಬುಧವಾರ ಪಾರ್ಸೆಲ್ಲು ವಾಪಸು ಬಂತು. ಮಕ್ತುಮಬಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕತ್ತರಿಸಿದ ಅಂಚನ್ನು ಹೆಬ್ಬೆರಳಿನಿಂದ ಸವರಿದರು. "ಕಟ್ಟಿದ್ದರ ಗುಂಟನ ಹೋಗೈತಿ ಕತ್ತರಿ. ಎಷ್ಟ ಸಾಪ ಕತ್ತರಿಸ್ಯಾಳ ನೋಡು" ಎಂದರು.

ಅದೇ ದಿನ ಆ್ಯಪ್‌ನಿಂದ ಸೂಚನೆ ಬಂತು. ಎರಡು ದಿನದ ಗಡುವು, ಎರಡು ಬಟನ್. 'ಎರಡು ಬಟ್ಟೆ ಜೋಡಿಸಿ ಒಂದೆಂದು ಮಾರಿದ್ದೇನೆ, ಒಪ್ಪುತ್ತೇನೆ' ಎಂಬುದನ್ನು ಒತ್ತಿದರೆ ಸೀರೆಯ ಹಣ ಬಿಟ್ಟುಕೊಟ್ಟು, ಹೋಗಿ ಬಂದ ಖರ್ಚು ಕಟ್ಟಿ ಅಂಗಡಿ ಉಳಿಸಿಕೊಳ್ಳಬಹುದು. 'ಒಪ್ಪುವುದಿಲ್ಲ' ಒತ್ತಿದರೆ ವಿಚಾರಣೆ. ಅದರಲ್ಲಿ ಸೋತರೆ ಖಾತೆ ಬಂದ್.

ಶಹನಾಜ ಆ್ಯಪ್‌ನ ಸಹಾಯವಾಣಿಗೆ ಫೋನ್ ಮಾಡಿದರು. ಅತ್ತಲಿನ ಯುವಕ ಸೌಜನ್ಯದಿಂದಲೇ ಮಾತಾಡಿದ.

"ಮೇಡಂ, ವಿಡಿಯೊದಲ್ಲಿ ಸೀರೆ ಎರಡು ಭಾಗ ಆಗಿದೆ ಅಲ್ವಾ?"

"ಆಕೀನ ಕತ್ತರಿಸ್ಯಾಳ್ರಿ. ವಿಡಿಯೊದಾಗ ಕತ್ತರಿ ಕಾಣಸ್ತೈತಿ."

"ಕತ್ತರಿಸೋ ಮೊದಲು ಅಲ್ಲಿ ಜಾಯಿಂಟ್ ಇತ್ತಾ?"

"ಇತ್ತು. ಇರಬೇಕ್ರಿ ಅದು. ಇಲ್ಲಂದ್ರ ಅದು ಇಳಕಲ್ ಸೀರಿನ ಅಲ್ಲ."

"ಇತ್ತು ಅಂತ ಹೇಳಿದ್ರಿ. ನಿಮ್ಮ ಉತ್ತರ ದಾಖಲಾಗಿದೆ ಮೇಡಂ. ಧನ್ಯವಾದ."

ಜುಬೇರ 'ಒಪ್ಪುತ್ತೇನೆ' ಒತ್ತಿಬಿಡು ಎಂದರು. "ಒಂದ ಸೀರಿ ಹೋತು ಅನ್ಕೋ. ಅಂಗಡಿ ಉಳೀತೈತಿ. ನನ್ನ ಮೂರ ದಿನದ ಪಗಾರದಾಗ ಏನ ಆಗ್ತೈತಿ?"

"ಏನ್ ಬರದಾರ ಅದನ್ನ ಓದು. ಮೋಸಾ ಮಾಡೇನಿ ಅಂತ ಬರದಾರ. ನಾ ಒತ್ತಿದ್ರ ಅಮ್ಮ ಮೂವತ್ತ ವರ್ಷ ಮಾಡಿದ್ದೂ ಮೋಸನ ಆಗ್ತೈತಿ."

"ಯಾರ ನೋಡ್ತಾರ ಅದನ್ನ?"

"ಆಕಿ ನೋಡ್ತಾಳಲ್ಲ. ನಾಳೆ ಇನ್ನೊಬ್ಬಾಕೀನೂ ಕತ್ತರಿ ಹಿಡೀತಾಳ."

ಗಡುವಿನ ಕೊನೆಯ ದಿನ, ಶುಕ್ರವಾರ, ಶಹನಾಜ ಎರಡು ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹುನಗುಂದದ ಬಸ್ಸು ಹತ್ತಿದರು. ಒಪ್ಪಿಕೊಂಡಂತೆ ಎರಡು ಹತ್ತಿ ಸೀರೆಗಳನ್ನೂ ಕೊಂಡು ಇಟ್ಟುಕೊಂಡಿದ್ದರು. ಸಿದ್ದವ್ವ ಹೊಸ ಸೀರೆಗಳನ್ನು ನೋಡಲಿಲ್ಲ. ತುಂಡುಗಳನ್ನು ಹಾಸಿಗೆಯ ಮೇಲೆ ಹತ್ತಿರ ಹತ್ತಿರ ಇಟ್ಟು ನೋಡಿದರು.

"ಮಷಿನ್‌ದಾಗ ಒಂದ ಹೊಲಿಗಿ ಹಾಕಸ್ಕೊಂಡ ಬಾ. ಮನ್ಯಾಗ ನಾನ ಉಡ್ತೇನಿ."

"ಹೊಲದ್ರ ಆಕಿ ಹೇಳಿದ್ದು ಖರೆ ಆಗ್ತೈತಿ, ಅತ್ತಿ. ಈಗ ಇದಕ್ಕ ಕೊಂಡಿ ಹಾಕಾಕ ಬರೂದಿಲ್ಲ. ನೇಯೂದಕ್ಕಿಂತ ಮೊದಲ ಹಾಕೂದದು."

ಸಿದ್ದವ್ವ ತುಂಡುಗಳನ್ನು ಮಡಚಿ ಬದಿಗಿಟ್ಟರು. "ಕಳಸೂ ಖರ್ಚು ಯಾರ ಕೊಟ್ರು?"

"ಅರ್ಧಾ ನಾ ಕೊಟ್ನಿ. ಭಾಳ ಕಿರಿಕಿರಿ ಮಾಡಿದ್ಳು."

"ಹುಚ್ಚಿ ಅದಿ ನೀ. ಎರಡ ಸಾವಿರದ ಸೀರಿಗೆ ನೂರ ರೂಪಾಯಿ ಬಾಡಗಿ ಕೊಡಾಕ ಅಳಾಕಿಗೆ ಸೀರಿ ಬೇಕಾಗಿದ್ದಿಲ್ಲ, ಸೋವಿ ಬೇಕಾಗಿತ್ತು. ಅವತ್ತ ಬ್ಯಾಡಂದಿದ್ರ ನನ್ನ ಸೀರಿ ಪೆಟಿಗ್ಯಾಗರೆ ಇರ್ತಿತ್ತು."

ಶಹನಾಜರ ಸಿಟ್ಟಿನ ಅರ್ಧ ಆ ಮಹಿಳೆಯ ಮೇಲಿತ್ತು. ಇನ್ನರ್ಧ, ತೊಂಬತ್ನಾಲ್ಕರಲ್ಲಿ ನಲವತ್ತೇಳು ಬಿಟ್ಟುಕೊಟ್ಟ ತಮ್ಮ ಮೇಲೆಯೇ ಇತ್ತು. ಅಲ್ಲಿಯೇ, ಸಿದ್ದವ್ವನ ಹಾಸಿಗೆಯ ಅಂಚಿಗೆ ಕೂತು, ಫೋನ್ ತೆಗೆದು 'ಒಪ್ಪುವುದಿಲ್ಲ' ಒತ್ತಿದರು. ಕಾರಣ ಬರೆಯಲು ಕೊಟ್ಟ ಜಾಗದಲ್ಲಿ ಒಂದೇ ಸಾಲು ಬರೆದರು: 'ನಮ್ಮ ಸೀರೆಯನ್ನು ಕತ್ತರಿಸಿದವರು ಅವರು.'

ವಿಚಾರಣೆ ಮೂರು ದಿನ ನಡೆಯಿತು. ಯಾರೂ ಫೋನ್ ಮಾಡಲಿಲ್ಲ, ಏನೂ ಕೇಳಲಿಲ್ಲ. ಸೋಮವಾರ ಖಾತೆ ಬಂದ್ ಆಯಿತು. ಆ್ಯಪ್‌ನವರು ತಮ್ಮ ಬಳಿ ಹಿಡಿದಿಟ್ಟಿದ್ದ ಸೀರೆಯ ಹಣ ಕೊಂಡವರಿಗೆ ಮರಳಿತು. ಆ ವಾರ ಕಳಿಸಬೇಕಿದ್ದ ಐದು ಸೀರೆಗಳ ಆರ್ಡರುಗಳೂ ರದ್ದಾದವು.

ಗುರುವಾರ ಮಧ್ಯಾಹ್ನ ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂತು. ಪಾರ್ಸೆಲ್ ಮೇಲಿದ್ದ ನಂಬರನ್ನು ಇಟ್ಟುಕೊಂಡಿದ್ದ ಅದೇ ಮಹಿಳೆ.

"ಸೀರೆ ದುಡ್ಡು ಬಂತು. ವಾಪಸ್ ಕಳಿಸಿದ ಕೊರಿಯರ್ ನೂರಾ ನಲವತ್ತು ಬಂದಿಲ್ಲ. ಅದು ನೀವು ಕೊಡಬೇಕು ಅಲ್ವಾ?"

"ಕತ್ತರಿದು ಎಷ್ಟ ಆತ್ರಿ? ಅದನ್ನೂ ಸೇರಿಸಿ ಹೇಳಬೇಕಿತ್ತು."

"ನೋಡಿ, ಹೀಗೆಲ್ಲ ಮಾತಾಡಿದ್ರೆ ನಿಮ್ಮ ಪೇಜ್‌ಗೆ ಹೋಗಿ ಒಂದೇ ಸ್ಟಾರ್ ಹಾಕ್ತೀನಿ."

"ಹಾಕ್ರಿ. ನಾ ಲೈನ್‌ದಾಗ ಇರ್ತೇನಿ, ಈಗ ಹಾಕ್ರಿ."

ಅತ್ತ ಕಡೆ ಫೋನಿನ ಪರದೆಯನ್ನು ಒತ್ತುವ ಸದ್ದು ಒಂದಷ್ಟು ಹೊತ್ತು ಕೇಳಿಸಿತು.

"ನಿಮ್ಮ ಪೇಜ್ ಬರ್ತಾನೇ ಇಲ್ವಲ್ಲ."

"ಬರೂದಿಲ್ಲರಿ" ಎಂದು ಶಹನಾಜ ಕರೆ ಕತ್ತರಿಸಿದರು.